ಹಲ್ಲುದುರಿದ ತೆನೆಗಳು

ಅಣ್ಣ ತಂಗಿ ಇಬ್ಬರಿಗೂ ಅಡ್ಡಹೆಸರು ಇಟ್ಟವಳು ಅವರ ತಾಯಿಯೇ. ತಿಂಗಳು ತುಂಬುವವರೆಗೂ ಕಾಯದೆ ಹುಟ್ಟಿಬಿಟ್ಟಳೆಂದು ಮಗಳನ್ನು ಗಡಿಬಿಡಿ ಎಂದು ಕರೆದಳು. ಮಗನೋ ಊಟಕ್ಕೆ ಕೂತರೆ ಕೈ ಒಣಗಿದ ಮೇಲೆ ಏಳುವವನು. ಅವನು ನಿಧಾನಪ್ಪನಾದ. ತಾಯಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಇಬ್ಬರ ತಲೆಯಲ್ಲೂ ಬಿಳಿ ಕೂದಲು ಇಣುಕುತ್ತಿತ್ತು. ಆದರೂ ಆ ಹೆಸರುಗಳು ಅಂಟಿದ ಜಿಗಣೆಯಂತೆ ಬಿಡಲೇ ಇಲ್ಲ. ಗೊಬ್ಬರದಂಗಡಿಯವನು ಕೂಡ ಅವಳನ್ನು ಕಂಡರೆ, "ಬಂದ್ರು ಗಡಿಬಿಡಿಯಮ್ಮ, ಮೊದಲು ಅವರಿಗೆ ಕೊಟ್ಟು ಕಳಿಸ್ರಪ್ಪ," ಎನ್ನುತ್ತಿದ್ದ.

ಅಪ್ಪನ ಹೊಲವನ್ನು ಅಣ್ಣ ತಂಗಿ ಸರಿಪಾಲು ಮಾಡಿಕೊಂಡಿದ್ದರು. ನಡುವೆ ಒಂದು ಬದು. ಆ ಬದುವಿನ ಆಚೆ ಈಚೆ ದಿನಬೆಳಗಾದರೆ ಓಡಾಡುವ ಇಬ್ಬರಿಗೂ ಮಾತಿರಲಿಲ್ಲ.

ಮಾತು ನಿಂತದ್ದು ಅಪ್ಪನ ಸಾವಿನಲ್ಲಿ. ಅಪ್ಪನ ಹೊಟ್ಟೆಯಲ್ಲಿ ಗಂಟು ಬೆಳೆದಿತ್ತು. ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದಾಗ ನಿಧಾನಪ್ಪ, "ಇನ್ನೊಂದು ತಿಂಗಳು ಹೋಗಲಿ, ಮೈಯಲ್ಲಿ ಸ್ವಲ್ಪ ಕಸುವು ಬರಲಿ," ಅಂದ. ಗಡಿಬಿಡಿಗೆ ಅಪ್ಪ ನರಳುವುದನ್ನು ನೋಡಲಾಗಲಿಲ್ಲ. ಅಣ್ಣ ಸಂತೆಗೆ ಹೋಗಿದ್ದಾಗ ಬಾಡಿಗೆ ಕಾರು ತರಿಸಿ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿಬಿಟ್ಟಳು. ಅಪ್ಪ ಆಪರೇಷನ್ನಿನಿಂದ ಎಚ್ಚರವಾಗಲೇ ಇಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ, ನೆಲ ಒರೆಸುವವಳು ಕೆಲಸ ನಿಲ್ಲಿಸಿ ನೋಡುತ್ತಿದ್ದಂತೆಯೇ, "ನಿನ್ನ ಗಡಿಬಿಡಿ ಅಪ್ಪನ್ನೇ ನುಂಗ್ತು," ಎಂದ ಅಣ್ಣ. "ನಿನ್ನ ಕೈಗೆ ಬಿಟ್ಟಿದ್ರೆ ಮನೆ ಮೂಲೇಲಿ ಕೊಳೆತು ಸಾಯ್ತಿದ್ದ," ಎಂದಳು ತಂಗಿ. ಬಾಯಿಂದ ಬಿದ್ದ ಮಾತನ್ನು ಯಾರೂ ಮರಳಿ ಎತ್ತಿಕೊಳ್ಳಲಿಲ್ಲ.

ಈ ಸಲವೂ ಮೆಕ್ಕೆಜೋಳ ಬಿತ್ತಿದವರಲ್ಲಿ ಗಡಿಬಿಡಿಯೇ ಮೊದಲಿಗಳು. ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಆತ ಹೊಲದ ಕಡೆ ತಲೆಹಾಕುತ್ತಿದ್ದದ್ದು ಅಪರೂಪ. "ನೆಲ ಇನ್ನೂ ಕಣ್ಣು ಬಿಟ್ಟಿಲ್ಲ, ಆಗಲೇ ಅದರ ಬಾಯಿಗೆ ಬೀಜ ತುರುಕ್ತಿದ್ದೀಯಲ್ಲೇ," ಎಂದು ಸೂಜಿಗೆ ದಾರ ಪೋಣಿಸುತ್ತಾ ನಗೆಯಾಡಿದ. ಪಕ್ಕದ ಹೊಲದ ನಿಧಾನಪ್ಪ, ಎಲ್ಲರದೂ ಮೊಳಕೆ ಬಂದ ಮೇಲೆ, ಆಕಾಶ ನೋಡಿ, ಮಣ್ಣು ಹಿಸುಕಿ ನೋಡಿ, ಬಿತ್ತನೆಗೆ ಇಳಿದ.

ಗಡಿಬಿಡಿಯ ಬೆಳೆ ಹುಲುಸಾಗಿ ಎದ್ದಿತು. ಕೊಳವೆಬಾವಿಯಲ್ಲಿ ನೀರಿಗೆ ಕೊರತೆಯಿರಲಿಲ್ಲ. ಆಳೆತ್ತರದ ದಂಟುಗಳು, ಕೈಯಗಲದ ಎಲೆಗಳು. ದಂಟಿನ ನೆತ್ತಿಯಲ್ಲಿ ಗಂಡು ಹೂವಿನ ತುರಾಯಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಬಿಸಿಲು ಕೆಂಡ ಕಾರತೊಡಗಿತು. ಅಂಥ ಬಿಸಿಲು ಆ ತಿಂಗಳಿಗೆ ಹೊಸದು. ಬೆಳಗಿನ ಹೊತ್ತೇ ಬಾಗಿಲಿನ ಚಿಲಕ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ದರ್ಜಿಯ ಇಸ್ತ್ರಿಪೆಟ್ಟಿಗೆ ಒಲೆಯ ಹಂಗಿಲ್ಲದೆ ಕಾಯುತ್ತದೆ ಎಂದು ಗಿರಾಕಿಗಳು ತಮಾಷೆ ಮಾಡಿದರು. ಅವಳು ಹೊಲಕ್ಕೆ ದಿನವೂ ನೀರು ಹಾಯಿಸಿದಳು. ಬೇರಿನಲ್ಲಿ ತೇವವಿದ್ದರೂ ಮಧ್ಯಾಹ್ನದ ಹೊತ್ತಿಗೆ ಎಲೆಗಳು ಸುರುಟಿ ಬೀಡಿಯಂತಾಗುತ್ತಿದ್ದವು.

ಒಂದು ಬೆಳಿಗ್ಗೆ ದಂಟನ್ನು ಹಿಡಿದು ಅಲುಗಾಡಿಸಿದಳು. ಬೇರೆ ವರ್ಷಗಳಲ್ಲಾದರೆ ತುರಾಯಿಯಿಂದ ಹಳದಿ ಪುಡಿ ಮುಖದ ಮೇಲೆ ಉದುರಿ ಸೀನು ಬರಬೇಕಿತ್ತು. ಈಗ ಏನೂ ಉದುರಲಿಲ್ಲ. ತುರಾಯಿ ಒಣಗಿದ ಪೊರಕೆಯಂತೆ ಬಿಳಿಚಿಕೊಂಡಿತ್ತು. ಕೆಳಗೆ, ದಂಟಿನ ಪಕ್ಕೆಯಲ್ಲಿ ಎಳೆಯ ತೆನೆಗಳಿದ್ದವು. ಆದರೆ ತೆನೆಯ ತುದಿಯಿಂದ ಇಳಿಬೀಳಬೇಕಾದ ಕೂದಲು ಇನ್ನೂ ಹೊರಗೆ ಬಂದಿರಲಿಲ್ಲ. 

ಕೃಷಿ ಕೇಂದ್ರದಲ್ಲಿ ಆ ವರ್ಷ ಹೊಸದಾಗಿ ಬಂದ ಹುಡುಗಿಯೊಬ್ಬಳಿದ್ದಳು. ಗಡಿಬಿಡಿ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡೇ ಹೊಲಕ್ಕೆ ಕರೆತಂದಳು. ಅಪರೂಪಕ್ಕೆ ದರ್ಜಿಯೂ ಹೊಲಕ್ಕೆ ಬಂದಿದ್ದ. ಹುಡುಗಿ ಸಾಲುಗಳ ನಡುವೆ ನುಗ್ಗಿ ನಾಲ್ಕಾರು ತೆನೆ ಸುಲಿದು ನೋಡಿದಳು.

"ಅಮ್ಮ, ತೆನೆ ಮೇಲಿನ ಒಂದೊಂದು ಕೂದಲಿಗೂ ಒಂದೊಂದು ಕಾಳು," ಎಂದು ವಿವರಿಸಿದಳು. "ಗಂಡು ಹೂವಿನ ಪುಡಿ ಆ ಕೂದಲ ಮೇಲೆ ಬಿದ್ರೆ ಮಾತ್ರ ಒಳಗೆ ಕಾಳು ಕಟ್ಟತ್ತೆ. ಬಿಸಿಲು ವಿಪರೀತ ಆದ್ರೆ ಪುಡಿ ಸತ್ತುಹೋಗತ್ತೆ, ನೀವು ಎಷ್ಟು ನೀರು ಕಟ್ಟಿದ್ರೂ ಅಷ್ಟೇ. ಕೂದಲು ಬರೋದೂ ತಡ ಆಗತ್ತೆ. ನಿಮ್ಮಲ್ಲಿ ಎರಡೂ ಆಗಿದೆ."

"ಅಂದ್ರೆ ದಿಬ್ಬಣ ಬರೋ ಹೊತ್ತಿಗೆ ಗಂಡೇ ಪರಾರಿ," ಎಂದ ದರ್ಜಿ. ಹೆಂಡತಿಯ ಮುಖ ನೋಡಿದ ಮೇಲೆ ತಾನೇ ಬಾಯಿ ಮುಚ್ಚಿಕೊಂಡ.

"ಏನೂ ಮಾಡಕ್ಕಾಗಲ್ವಾ?" ಎಂದಳು ಗಡಿಬಿಡಿ.

"ಇನ್ನೆರಡು ದಿನದಲ್ಲಿ ಕೂದಲು ಹೊರಗೆ ಬರತ್ತೆ. ಬಂದ ಮೇಲೆ ಒಂದು ವಾರ ಹಸಿಯಾಗಿರತ್ತೆ. ಅಷ್ಟರೊಳಗೆ ಬೇರೆ ಹೊಲದಿಂದ ಜೀವ ಇರೋ ಪುಡಿ ತಂದು ಹಾಕಿದ್ರೆ ಹಾಕಿದಷ್ಟು ಬಂತು. ಬಿಸಿಲು ಏರೋಕೆ ಮುಂಚೆ ಆಗಬೇಕು. ದೂರದಿಂದ ತರೋಕಾಗಲ್ಲ, ದಾರೀಲೇ ಸತ್ತುಹೋಗತ್ತೆ." ಹುಡುಗಿ ತಲೆಯೆತ್ತಿ ಬದುವಿನ ಆಚೆ ನೋಡಿದಳು. ಅಲ್ಲಿ ದಂಟುಗಳ ನೆತ್ತಿಯಲ್ಲಿ ತುರಾಯಿಗಳು ಇನ್ನೂ ಹಸಿರಾಗಿ, ಈಗಷ್ಟೇ ಬಿಚ್ಚಲು ಅಣಿಯಾಗುತ್ತಿದ್ದವು. "ಅದೋ, ಅದು ಸರಿಯಾಗಿದೆ. ಅದು ಯಾರ ಹೊಲ?"

ಗಡಿಬಿಡಿ ಸ್ಕೂಟರಿನ ಕಡೆ ತಿರುಗಿದಳು.

ಮನೆಗೆ ಬಂದ ಮೇಲೆ ದರ್ಜಿ ಯಂತ್ರದ ಮುಂದೆ ಕೂತು ಯಾವುದೋ ಅಂಗಿಗೆ ಕಾಲರ್ ಹಚ್ಚುತ್ತಾ, "ನಾನೇ ಹೋಗಿ ಕೇಳ್ಲಾ?" ಎಂದ.

"ನೀವು ಹೋದ್ರೆ ಅವನು ಟೀ ಕೊಟ್ಟು ಕಳಿಸ್ತಾನೆ. ಹೂ ಕೊಡಲ್ಲ."

"ನೀನು ಹೋದ್ರೆ?"

"ಟೀನೂ ಕೊಡಲ್ಲ," ಎಂದಳು. ಆದರೂ ಚಪ್ಪಲಿ ಮೆಟ್ಟಿದಳು.

ಅಣ್ಣನ ಮನೆ ಎರಡು ಬೀದಿ ಆಚೆ. ಬಾಗಿಲಲ್ಲಿ ಅತ್ತಿಗೆ ಹಸುವಿಗೆ ನೀರಿಡುತ್ತಿದ್ದಳು. ಆ ಮನೆಗೆ ಇದ್ದದ್ದು ಅದೊಂದೇ ಹಸು. ಅದರ ಹಾಲನ್ನು ಬೀದಿಯ ಮನೆಗಳಿಗೆ ಕೊಟ್ಟು ಅತ್ತಿಗೆ ಮನೆಯ ಮೇಲುಖರ್ಚು ತೂಗಿಸುತ್ತಿದ್ದಳು. ನಾದಿನಿಯನ್ನು ಕಂಡು ಅವಳ ಕೈಯ ಬಕೆಟ್ಟು ವಾಲಿತು. "ಬಾ," ಎಂದಳು. ಆಮೇಲೆ ಗಂಡ ಏನನ್ನುತ್ತಾನೋ ಎಂದು ಒಳಗೆ ಇಣುಕಿದಳು.

ನಿಧಾನಪ್ಪ ಹಿತ್ತಿಲಲ್ಲಿ ಕೂತು ಔಷಧಿ ಹೊಡೆಯುವ ಪಂಪಿನ ತಿರುಪು ಬಿಚ್ಚುತ್ತಿದ್ದ. ತಂಗಿ ಎದುರು ಬಂದು ನಿಂತರೂ ತಲೆ ಎತ್ತಲಿಲ್ಲ. ಅವಳು ಬಂದ ಕೆಲಸ ಹೇಳಿದಳು. ಉಸಿರು ಕಟ್ಟಿಕೊಂಡು, ಒಂದೇ ಏಟಿಗೆ, ಎಲ್ಲಿ ನಡುವೆ ಅಳು ಬಂದುಬಿಡುತ್ತದೋ ಎಂದು ಓಡಿಸಿಕೊಂಡು ಹೇಳಿದಳು. ಅವನು ತಿರುಪನ್ನು ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿದ. ಗಡಿಬಿಡಿಗೆ ಆ ಕೈಯಿಂದ ಪಂಪು ಕಿತ್ತುಕೊಂಡು ಬಾವಿಗೆ ಎಸೆಯಬೇಕೆನ್ನಿಸಿತು.

"ಹೂ ತಗೊಂಡ್ರೆ ನನಗೆ ಕಾಳು ಕಮ್ಮಿ ಆಗಲ್ವಾ?" ಎಂದ ಕೊನೆಗೆ. ಇಷ್ಟು ವರ್ಷಗಳ ಮೇಲೆ ತಂಗಿಯೊಂದಿಗೆ ಆಡಿದ ಮೊದಲ ಮಾತು.

"ಆಗಲ್ವಂತೆ. ಒಂದು ತುರಾಯೀಲಿ ಊರಿಗೆಲ್ಲ ಹಂಚೋವಷ್ಟು ಪುಡಿ ಇರತ್ತಂತೆ."

"ಅಂತೆ."

"ಹೂಂ, ಅಂತೆ. ನಾನೇನು ಓದಿದ್ದೀನಾ?"

ಅವನು ಪಂಪನ್ನು ಗೋಡೆಗೆ ಒರಗಿಸಿದ. "ದಂಟು ಮುರಿಬಾರದು. ಸಾಲಲ್ಲಿ ಅಡ್ಡಾದಿಡ್ಡಿ ನುಗ್ಗಬಾರದು. ಬೆಳಿಗ್ಗೆ ನಾನು ಬಂದ ಮೇಲೆ ಶುರು ಮಾಡಿ."

ಅವಳು ಹೊರಡುವಾಗ ಅತ್ತಿಗೆ ಹಿಂದಿನಿಂದ ಬಂದು, "ನಾನೂ ಬರ್ತೀನಿ ನಿನ್ನ ಜೊತೆ," ಎಂದು ಪಿಸುಗುಟ್ಟಿದಳು.

ತೆನೆಗಳಲ್ಲಿ ಕೂದಲು ಇಣುಕಿದ ಬೆಳಿಗ್ಗೆ ಕೆಲಸ ಶುರುವಾಯಿತು. ದರ್ಜಿ ಹಳೆ ಕ್ಯಾಲೆಂಡರಿನ ಹಾಳೆಗಳನ್ನು ಹೊಲಿದು ಚೀಲ ಮಾಡಿಕೊಟ್ಟಿದ್ದ. ಬೆಳಕು ಹರಿಯುತ್ತಿದ್ದಂತೆ ನಿಧಾನಪ್ಪನ ಹೊಲದ ತುರಾಯಿಗಳಿಗೆ ಆ ಚೀಲ ತೊಡಿಸಿ ಮೆಲ್ಲಗೆ ತಟ್ಟುವುದು, ತಳದಲ್ಲಿ ಕೂಡಿದ ಹಳದಿ ಪುಡಿಯನ್ನು ಬದು ದಾಟಿಸಿ ತಂದು ಮೆದು ಕುಂಚದಲ್ಲಿ ತೆನೆಯ ಕೂದಲಿಗೆ ಸವರುವುದು. ಒಂದು ತೆನೆ, ಇನ್ನೊಂದು ತೆನೆ. ಎಲೆಯ ಅಂಚು ಕುತ್ತಿಗೆ ಕೊಯ್ಯುತ್ತಿತ್ತು, ಬೆವರು ಬಿದ್ದು ಉರಿಯುತ್ತಿತ್ತು. ಕೂಲಿಗೆ ಬಂದ ಹೆಂಗಸರು, "ಜೋಳಕ್ಕೆ ಪೌಡರ್ ಹಚ್ಚೋ ಕಾಲ ಬಂತಲ್ಲಪ್ಪ, ಇನ್ನು ಲಿಪ್‌ಸ್ಟಿಕ್ ಯಾವಾಗ?" ಎಂದು ನಗುತ್ತಿದ್ದರು. ಬಿಸಿಲು ಏರಿದ ಮೇಲೆ ನಗೆ ಅಡಗುತ್ತಿತ್ತು. ಪುಡಿ ಸಾಯುವ ಹೊತ್ತು ಅದು. ಮುಂದೆ ಹಚ್ಚಿದರೂ ನೀರಲ್ಲಿ ಹೋಮ.

ಗಡಿಬಿಡಿಗೆ ಆ ಕೆಲಸ ಒಗ್ಗಲಿಲ್ಲ. ಅವಳ ಕೈ ಓಡುತ್ತಿತ್ತು, ಕುಂಚದಿಂದ ಅರ್ಧ ಪುಡಿ ನೆಲದ ಪಾಲಾಗುತ್ತಿತ್ತು. ಅತ್ತಿಗೆ ಸಾವಧಾನವಾಗಿ, ಮಗುವಿಗೆ ಕಾಡಿಗೆ ಹಚ್ಚುವಂತೆ ಹಚ್ಚುತ್ತಿದ್ದಳು. ನಿಧಾನಪ್ಪ ಬದುವಿನ ಮೇಲೆ ಕೈಕಟ್ಟಿ ನಿಂತಿರುತ್ತಿದ್ದ. ಒಂದು ದಿನ ಮಾತ್ರ, ಅವಳು ಖಾಲಿಯಾದ ತುರಾಯಿಗಳನ್ನೇ ತಟ್ಟುತ್ತಿರುವುದನ್ನು ಕಂಡು, "ಅದು ನಿನ್ನೆದು. ಆ ಕಡೆ ಸಾಲು ಹೊಸದು," ಎಂದ. ಅವಳು ಆ ಕಡೆ ಸಾಲಿಗೆ ಹೋದಳು.

ಎಷ್ಟು ಮಾಡಿದರೂ ಹೊಲದ ಅರ್ಧಕ್ಕಿಂತ ಹೆಚ್ಚು ಮುಟ್ಟಲಾಗಲಿಲ್ಲ. ಉಳಿದ ತೆನೆಗಳ ಕೂದಲು ಕಾದು ಕಾದು ಕಂದಿಹೋಯಿತು.

ಆಮೇಲೆ ಕೆಲವು ದಿನ ಮೋಡ ಕವಿದು ಬಿಸಿಲಿನ ಸೊಕ್ಕು ಇಳಿಯಿತು. ನಿಧಾನಪ್ಪನ ತೆನೆಗಳಿಗೆ ಕೂದಲು ಬಂದದ್ದು ಆ ದಿನಗಳಲ್ಲೇ. ಅವನ ಹೊಲದಲ್ಲಿ ಕಾಳು ತುಂಬು ಸಾಲುಗಳಲ್ಲಿ ಕಟ್ಟಿತು. ಗೊಬ್ಬರದಂಗಡಿಯಲ್ಲಿ ಜನ ಆಡಿಕೊಂಡರು: "ನೋಡಿ, ತಾಳಿದವನು ಬಾಳಿಯಾನು ಅನ್ನೋದು ಸುಳ್ಳಲ್ಲ. ಆಯಮ್ಮ ಓಡಿ ಓಡಿ ಹಳ್ಳಕ್ಕೆ ಬಿದ್ಲು." ಗಡಿಬಿಡಿಯ ಕಿವಿಗೂ ಅದು ಬಿತ್ತು. ಅವಳು ಜಗಳಕ್ಕೆ ಹೋಗಲಿಲ್ಲ. ಆ ಮಾತಿನಲ್ಲಿ ಜೋಳಕ್ಕಿಂತ ಹೆಚ್ಚಿನದೇನೋ ಇದೆ, ಆಸ್ಪತ್ರೆಯ ಮೊಗಸಾಲೆ ಇದೆ ಎನ್ನಿಸಿ ಮನೆಗೆ ಬಂದಳು. ಆ ದಿನ ಗಂಡ ಎಷ್ಟು ಕರೆದರೂ ಊಟಕ್ಕೆ ಏಳಲಿಲ್ಲ.

ಆದರೆ ಮೋಡ ಚೆದುರಿದ್ದೇ ತಡ, ಬಿಸಿಲು ಬಡ್ಡಿ ಸಮೇತ ಮರಳಿತು. ಈ ಸಲ ರಾತ್ರಿಗಳೂ ತಣಿಯಲಿಲ್ಲ. ಗೋಡೆಗಳು ಬೆಳಗಿನವರೆಗೆ ಬಿಸಿ ಉಗುಳುತ್ತಿದ್ದವು. ಅಣ್ಣನ ಹೊಲದಲ್ಲಿ ಕಾಳಿಗೆ ಹಾಲು ತುಂಬುವ ಹೊತ್ತು ಅದು. ಎಲೆಗಳು ಕೆಳಗಿನಿಂದ ಒಣಗುತ್ತಾ ಬಂದವು. ಇನ್ನೂ ಮೂರು ವಾರ ನಿಂತು ಬಲಿಯಬೇಕಾದ ಬೆಳೆ ಅವಸರವಸರವಾಗಿ ಹಣ್ಣಾಗಿ ತಲೆಬಾಗಿತು. ಸುಡುಬಿಸಿಲಿಗೆ ಹೆಚ್ಚಿದ ಹುಳುಗಳು ತೆನೆಯ ತುದಿ ಕೊರೆದು ಒಳಹೊಕ್ಕವು. ಸಿಪ್ಪೆ ಮುಚ್ಚಿದ್ದರಿಂದ ಒಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣಲಿಲ್ಲ.

ಕಟಾವು ಬಂತು. ಗಡಿಬಿಡಿಯ ತೆನೆಗಳನ್ನು ಸುಲಿದರೆ ಹಲ್ಲುದುರಿದ ಮುದುಕರ ಬಾಯಿ. ಒಂದು ಕಡೆ ನಾಲ್ಕು ಕಾಳು, ನಡುವೆ ಬರೀ ಬೆಂಡು, ಇನ್ನೊಂದು ಕಡೆ ಆರು ಕಾಳು. ಆದರೆ ಇದ್ದ ಕಾಳುಗಳು ಗಟ್ಟಿ, ದಪ್ಪ. ಎಷ್ಟೋ ತೆನೆಗಳಲ್ಲಿ ಒಂದು ಕಾಳೂ ಇರಲಿಲ್ಲ. ಬೇರೆ ವರ್ಷಗಳ ಮೂರರಲ್ಲೊಂದು ಪಾಲು ಕೈಗೆ ಬಂತು. ನಿಧಾನಪ್ಪನ ತೆನೆಗಳು ಬುಡದಿಂದ ತುದಿಯವರೆಗೆ ತುಂಬಿದ್ದವು. ಅವನು ಅವನ್ನು ಅಂಗಳದಲ್ಲಿ ರಾಶಿ ಹಾಕಿ, ಒಂದಷ್ಟು ಬಿಡಿಸಿ, ಕೋಳಿ ಆಹಾರದ ಕಾರ್ಖಾನೆಗೆ ಮಾದರಿ ತೆಗೆದುಕೊಂಡು ಹೋದ.

ಅಲ್ಲಿ ಕಾಳು ಪರೀಕ್ಷಿಸುವವನು ಒಂದು ಅಳತೆಪಾತ್ರೆಯಲ್ಲಿ ತುಂಬಿ ತೂಗಿದ. ತಲೆಯಾಡಿಸಿದ. ಕಾಳು ಹಗುರ, ಹೊಟ್ಟೆ ಬಿಳಿಚಿದೆ, ಅರ್ಧ ಜೊಳ್ಳು. ಆಮೇಲೆ ಬೆರಳಿನಲ್ಲಿ ಕೆದಕಿ ಕೆಲವು ಕಾಳುಗಳ ಕಣ್ಣಿನ ಹತ್ತಿರ ಹಸಿರು ಪುಡಿಯಂಥದನ್ನು ತೋರಿಸಿದ. "ಬೂಷ್ಟು. ತೂಕ ಕಮ್ಮಿ ಇದ್ರೆ ರೇಟು ಇಳಿಸಿ ತಗೋತಿದ್ದೆ ಯಜಮಾನ್ರೇ. ಇದನ್ನ ಪುಕ್ಕಟೆ ಕೊಟ್ರೂ ಬೇಡ. ಇದು ವಿಷ, ಲಿವರ್‌ಗೆ ಹೋಗಿ ಕೂರತ್ತೆ."

ಆ ಸಂಜೆ ನಿಧಾನಪ್ಪ ತಂಗಿಯ ಮನೆಗೆ ಬಂದ. ಅಪ್ಪ ಸತ್ತ ಮೇಲೆ ಆ ಹೊಸ್ತಿಲು ತುಳಿದಿರಲಿಲ್ಲ. ದರ್ಜಿ ಗಡಬಡಿಸಿ ಎದ್ದು ಕುರ್ಚಿಯ ಮೇಲಿನ ಬಟ್ಟೆ ತೆಗೆದು, "ಬನ್ನಿ ಭಾವ, ಕೂತ್ಕೊಳ್ಳಿ," ಎಂದ. ನಿಧಾನಪ್ಪ ಕೂರಲಿಲ್ಲ. ಗೋಡೆಗೆ ಒರಗಿಸಿದ್ದ ಜೋಳದ ಚೀಲಗಳನ್ನೇ ನೋಡುತ್ತಾ ನಿಂತ.

"ನಿನ್ನ ಕಾಳು ತೂಕ ಬರತ್ತೆ," ಎಂದ ತಂಗಿಗೆ. "ನಂದು ಬರಲ್ಲ. ಬೂಷ್ಟು ಹಿಡಿದಿದೆ, ವಿಷ ಅಂತ ಕಾರ್ಖಾನೆಯವನು ಬೇಡ ಅಂದ. ಎರಡೂ ಬೆರೆಸೋಣ. ಬೇರೆ ಕಾರ್ಖಾನೆಗೆ ನಿನ್ನ ಹೆಸರಲ್ಲೇ ಹಾಕು. ಬೆರೆಸಿದ್ರೆ ಬೂಷ್ಟು ಎದ್ದು ಕಾಣಲ್ಲ. ಬಂದಿದ್ದು ಅರ್ಧ ಅರ್ಧ."

ಗಡಿಬಿಡಿ ಯಾವುದಕ್ಕೂ ಥಟ್ಟನೆ ಉತ್ತರ ಕೊಡುವವಳು. ಈಗ ಯಂತ್ರದ ಮೇಲಿದ್ದ ದಾರದ ಉಂಡೆಯನ್ನು ಎತ್ತಿ ಇಟ್ಟಳು, ಮತ್ತೆ ಎತ್ತಿದಳು. ಬದುವಿನ ಮೇಲೆ ಕೈಕಟ್ಟಿ ನಿಂತಿರುತ್ತಿದ್ದ ಅಣ್ಣ ಕಣ್ಣೆದುರು ಬಂದ. ಬೇಡ ಎನ್ನಲು ಅವನಿಗೂ ಕಾರಣವಿತ್ತು, ಅವನು ಬೇಡ ಅನ್ನಲಿಲ್ಲ.

"ಅದನ್ನ ತಿನ್ನೋದು ಯಾರು ಅಣ್ಣ?" ಎಂದಳು.

"ಕೋಳಿ."

"ಕೋಳೀನ ತಿನ್ನೋದು?"

"ನೋಡು, ನೀನು ಬಂದು ಕೇಳಿದಾಗ ನಾನು ಇಷ್ಟು ಪ್ರಶ್ನೆ ಕೇಳಿದ್ನಾ?"

"ಒಂದು ಕೇಳಿದೆ."

"ಕೇಳಿ ಕೊಟ್ಟೆ! ನಿನ್ನ ಈ ಚೀಲದಲ್ಲಿರೋ ಒಂದೊಂದು ಕಾಳೂ ನನ್ನ ಹೊಲದ ಪುಡೀಲೇ ಆಗಿದ್ದು. ಈಗ ನನ್ನ ಕಾಳು ನಿನಗೆ ಹೊಲಸಾಯ್ತು." ಅವನ ಧ್ವನಿ ಏರಿದ್ದನ್ನು ದರ್ಜಿ ಎಂದೂ ಕೇಳಿರಲಿಲ್ಲ. "ಅಪ್ಪನ ವಿಷಯದಲ್ಲೂ ಹೀಗೇ. ನೀನು ಮಾಡಿದ್ದೇ ಸರಿ, ನೀನು ಹೇಳಿದ್ದೇ ಸರಿ."

"ಅಪ್ಪನ್ನ ಇದಕ್ಕೆ ತರಬೇಡ."

"ತರದೆ ಏನು?"

"ಇದ್ದಷ್ಟು ಕಾಳು ನಿನಗೇ ಕೊಡ್ತೀನಿ, ತಗೊಂಡು ಹೋಗು. ಮಾರ್ಕೋ. ಆದ್ರೆ ಬೆರೆಸೋಕೆ ಕೊಡಲ್ಲ."

"ಭಿಕ್ಷೆ ಬೇಡೋಕೆ ಬರಲಿಲ್ಲ ನಾನು," ಎಂದು ನಿಧಾನಪ್ಪ ಹೊರಟುಹೋದ. ದರ್ಜಿ ಬೀದಿಯವರೆಗೂ ಹಿಂದೆ ಹೋಗಿ ಬರಿಗೈಯಲ್ಲಿ ಮರಳಿದ. ಗಡಿಬಿಡಿ ಚೀಲಗಳ ಪಕ್ಕದಲ್ಲಿ ಕೂತಿದ್ದಳು. "ನಾನು ಮಾಡಿದ್ದು ತಪ್ಪಾ ರೀ?" ಎಂದಳು. "ಇಲ್ಲ," ಎಂದ ದರ್ಜಿ. ಅವಳ ಪಕ್ಕ ಕೂತು, "ಆದ್ರೆ ನಿನ್ನ ಸರಿಯಿಂದ ಅವರ ಹೊಟ್ಟೆ ತುಂಬಲ್ವಲ್ಲ," ಎಂದ.

ಮರುದಿನ ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಎರಡು ಬುಟ್ಟಿ ಹಿಡಿದು ಅಣ್ಣನ ಮನೆಗೆ ಹೋದಳು. ಕೂಡಿ ಆರಿಸಿದರೆ ಒಂದಷ್ಟಾದರೂ ಒಳ್ಳೆಯ ಕಾಳು ಉಳಿಯಬಹುದು ಎಂಬುದು ಅವಳ ಯೋಚನೆ. ಅಂಗಳದಲ್ಲಿ ತೆನೆಯ ರಾಶಿ ಇತ್ತು. ಬಾಗಿಲು ಅರೆ ತೆರೆದಿತ್ತು. ಕರೆಯುವ ಮೊದಲು ಅವಳ ಕಣ್ಣು ಕೊಟ್ಟಿಗೆಯತ್ತ ಹೋಯಿತು. ಹಸು ಬಾನಿಗೆ ಮುಖ ಹಾಕಿ ಮೆಲ್ಲುತ್ತಿತ್ತು. ಬಾನಿಯಲ್ಲಿ ಜಜ್ಜಿದ ಹಳದಿ ಕಾಳು.

ಅವಳು ಓಡಿಹೋಗಿ ಹಸುವಿನ ಮುಖ ತಳ್ಳಿ ಬಾನಿಯನ್ನು ಮಗುಚಿ ಹಾಕಿದಳು. ಸದ್ದಿಗೆ ಅತ್ತಿಗೆ ಹೊರಗೆ ಬಂದಳು.

"ಏನೇ ಇದು!"

"ಅತ್ತಿಗೆ, ಇದನ್ನ ಯಾವಾಗಿಂದ ಹಾಕ್ತಿದ್ದೀರಿ?"

"ಕಟಾವಿನಿಂದ. ಹಾಳಾಗ್ಬಾರದಲ್ಲ ಅಂತ ತುದಿ ಮುರಿದ ತೆನೇನೆಲ್ಲ ಆರಿಸಿ ಜಜ್ಜಿ ಹಾಕ್ತಿದ್ದೀನಿ. ಯಾಕೆ?"

"ಅಣ್ಣ ಏನೂ ಹೇಳಲಿಲ್ವಾ? ಕಾರ್ಖಾನೆಯವನು ವಿಷ ಅಂದನಂತಲ್ಲ?"

"ತಗೊಳ್ಳಲಿಲ್ಲ ಅಂತ ಹೇಳಿದ್ರು. ವಿಷ ಅಂತ..." ಅತ್ತಿಗೆ ಒಳಗೆ ತಿರುಗಿ ನೋಡಿದಳು. ಅಡಿಗೆಮನೆಯ ಕಟ್ಟೆಯ ಮೇಲೆ ಬೆಳಗಿನ ಹಾಲು ಕ್ಯಾನಿನಲ್ಲಿ ಇನ್ನೂ ಬೆಚ್ಚಗಿತ್ತು, ಬೀದಿಗೆ ಹೊರಡಲು ಸಿದ್ಧವಾಗಿತ್ತು.

ಗಡಿಬಿಡಿ ಅಲ್ಲಿಂದಲೇ ಕೃಷಿ ಕೇಂದ್ರದ ಹುಡುಗಿಗೆ ಫೋನ್ ಮಾಡಿದಳು. ಹೌದು, ಹಾಲಿನಲ್ಲೂ ಬರುತ್ತದೆ ಎಂದಳು ಹುಡುಗಿ. ಆ ಕಾಳು ಈಗಲೇ ನಿಲ್ಲಿಸಿ, ಕೆಲವು ದಿನ ಹಾಲು ಚೆಲ್ಲಿ, ತಾನು ಪಶುವೈದ್ಯರನ್ನು ಕಳಿಸುತ್ತೇನೆ ಎಂದಳು. "ಕುಡಿದವರಿಗೆ?" ಎಂದು ಕೇಳಿದ್ದಕ್ಕೆ ಹುಡುಗಿ ತಡವರಿಸಿದಳು. ಸ್ವಲ್ಪ ದಿನ ಅಷ್ಟೇ ಅಲ್ವಾ ಅಮ್ಮ, ಏನೂ ಆಗಲಿಕ್ಕಿಲ್ಲ, ಆದರೆ ಖಚಿತವಾಗಿ ತಾನು ಹೇಳಲಾರೆ ಎಂದಳು.

ನಿಧಾನಪ್ಪ ಆ ಹೊತ್ತಿಗೆ ಹಲ್ಲುಜ್ಜುವ ಬ್ರಷ್ಷು ಕೈಯಲ್ಲಿ ಹಿಡಿದು ಹಿತ್ತಿಲಿನಿಂದ ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅತ್ತಿಗೆ ಗಂಡನ ಎದುರಿಗೆ ಕ್ಯಾನನ್ನು ಎತ್ತಿಕೊಂಡು ಹೋಗಿ ಮೋರಿಗೆ ಸುರಿದಳು. ಹಾಲು ಗಳಗಳ ಹರಿದುಹೋಗುವುದನ್ನು ಮೂವರೂ ನೋಡಿದರು. "ಮೂಲೆಮನೆ ಮಗುಗೆ ಈಗ ಆರು ತಿಂಗಳು," ಎಂದಳು ಅತ್ತಿಗೆ. "ಅದರಮ್ಮಂಗೆ ಹಾಲಿಲ್ಲ ಅಂತ ನಮ್ಮ ಹಾಲನ್ನೇ ಕುಡಿಸ್ತಿದ್ದಾಳೆ." ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಖಾಲಿ ಕ್ಯಾನನ್ನು ಮೆಟ್ಟಿಲ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಬೀದಿಗಿಳಿದಳು.

ಹಸುವಿಗೆ ಹುಷಾರಿಲ್ಲ ಎಂದಿದ್ದರೆ ಮಾತು ಮುಗಿಯುತ್ತಿತ್ತು. ಅವಳು ಹಾಗೆನ್ನಲಿಲ್ಲ. ಮನೆಮನೆಯ ಬಾಗಿಲಲ್ಲೂ ನಿಂತು, ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಕೆಲವರು ಪರವಾಗಿಲ್ಲ ಬಿಡಿ ಎಂದರು. ಒಬ್ಬಾಕೆ ಪಾತ್ರೆಯಲ್ಲಿದ್ದ ಮೊಸರನ್ನು ತಂದು ಅವಳ ಕಾಲ ಬಳಿಯೇ ಚೆಲ್ಲಿದಳು. ಮೂಲೆಮನೆಯ ತಾಯಿ ಬಾಗಿಲು ಹಾಕಿಕೊಂಡಳು.

ಅಂಗಳದಲ್ಲಿ ಗಡಿಬಿಡಿ ರಾಶಿಯ ಮುಂದೆ ಕೂತು ತೆನೆ ಸುಲಿಯತೊಡಗಿದಳು. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಳ್ಳೆಯದು ಒಂದು ಬುಟ್ಟಿಗೆ, ಹುಳು ಕೊರೆದದ್ದು, ಹಸಿರುಗಟ್ಟಿದ್ದು ಇನ್ನೊಂದಕ್ಕೆ. ನಿಧಾನಪ್ಪ ಬಹಳ ಹೊತ್ತು ಕಂಬಕ್ಕೊರಗಿ ನಿಂತಿದ್ದ. ಆಮೇಲೆ ಬಂದು ರಾಶಿಯ ಇನ್ನೊಂದು ಮಗ್ಗುಲಲ್ಲಿ ಕೂತ. ಒಂದು ತೆನೆ ಸುಲಿದು, ತಿರುಗಿಸಿ ತಿರುಗಿಸಿ ನೋಡಿ ಒಳ್ಳೆಯ ಬುಟ್ಟಿಗೆ ಹಾಕಿದ. ಅವಳು ಅದನ್ನು ಎತ್ತಿ, ತುದಿಯಲ್ಲಿದ್ದ ಸೂಜಿಮೊನೆಯಷ್ಟು ತೂತು ತೋರಿಸಿ ಇನ್ನೊಂದಕ್ಕೆ ಹಾಕಿದಳು.

"ವಿಷ ಅನ್ನೋ ಮಾತು ಮನೇಲಿ ಯಾಕೆ ಹೇಳಲಿಲ್ಲ?" ಎಂದಳು.

"ಹೇಳೋಣ ಅಂತಿದ್ದೆ," ಎಂದ ನಿಧಾನಪ್ಪ. ಆ ಮಾತಿಗೆ ಕೊಡಬಹುದಾದ ಉತ್ತರ ಅವಳ ನಾಲಗೆಯ ತುದಿಗೇ ಬಂದಿತ್ತು, ಅವನ ನಿಧಾನದ ಮೇಲೆ ಇಷ್ಟು ವರ್ಷ ಮಸೆದಿಟ್ಟಂಥ ಉತ್ತರ. ಅದನ್ನು ನುಂಗಿಕೊಂಡು ಮುಂದಿನ ತೆನೆ ತೆಗೆದುಕೊಂಡಳು.

ಅಂದೂ ಮರುದಿನವೂ ಅವರು ಕೂತು ಆರಿಸಿದರು. ಅತ್ತಿಗೆ ಬಂದು ಸೇರಿದಳು. ದರ್ಜಿಯೂ ಅಂಗಡಿ ಮುಚ್ಚಿ ಬಂದ. ಅಪ್ಪನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಒಳ್ಳೆಯ ಬುಟ್ಟಿ ತುಂಬುವಷ್ಟರಲ್ಲಿ ಕೆಟ್ಟದ್ದು ಎರಡು ಸಲ ತುಂಬುತ್ತಿತ್ತು. ಕೆಟ್ಟದ್ದನ್ನು ಹೊಲದ ಮೂಲೆಯಲ್ಲಿ ಗುಂಡಿ ತೆಗೆದು ಹೂತರು, ದನ ಕರು ಕೆದಕದಂತೆ ಮೇಲೆ ಕಲ್ಲು ಹೇರಿದರು. ಉಳಿದದ್ದನ್ನು ಕೃಷಿ ಕೇಂದ್ರದ ಹುಡುಗಿ ಪರೀಕ್ಷೆಗೆ ಕಳಿಸಿದಳು; ಪರವಾಗಿಲ್ಲ ಎಂದು ಬಂದ ಮೇಲೆ ಅದನ್ನು ಹಗುರ ಕಾಳಿನ ಬೆಲೆಗೆ ಮಾರಿದರು. ಅದು ಕಟಾವಿನ ಕೂಲಿಗೂ ಸಾಲಲಿಲ್ಲ. ಗಡಿಬಿಡಿ ತನ್ನ ಕಾಳಿನಲ್ಲಿ ಪಾಲು ಕೊಡಲು ಹೋದಾಗ ಅಣ್ಣ ಬೇಡವೆಂದ. ಅವಳು ಬಲವಂತ ಮಾಡಲಿಲ್ಲ.

ದಿನವೂ ಹಾಲು ಕೊಳ್ಳುತ್ತಿದ್ದ ವರ್ತನೆ ಮನೆಗಳು ಬಹುತೇಕ ಕೈಬಿಟ್ಟುಹೋದವು. ಹಸು ಶುದ್ಧವಾಗಿದೆ ಎಂದು ಪಶುವೈದ್ಯರು ಹೇಳಿದ ಮೇಲೂ ಜನ ಬರಲಿಲ್ಲ. ಅತ್ತಿಗೆ ದರ್ಜಿಯ ಅಂಗಡಿಯಲ್ಲಿ ಗುಂಡಿ ಹಚ್ಚುವ, ಅಂಚು ಮಡಿಸುವ ಕೆಲಸಕ್ಕೆ ಬರತೊಡಗಿದಳು. ಅವಳ ಹೊಲಿಗೆ ನೀಟು. ಆದರೆ ಆಗಾಗ ಸೂಜಿ ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದಳು. ಮೂಲೆಮನೆಯಾಕೆ ಮಗುವನ್ನು ಎತ್ತಿಕೊಂಡು ಹಾದುಹೋದರೆ ಅದರ ಮುಖ, ಕಣ್ಣಿನ ಬಿಳಿ, ಕೈಕಾಲು, ಎಲ್ಲವನ್ನೂ ಕಣ್ಣಿನಲ್ಲೇ ತಡವಿ ನೋಡುತ್ತಿದ್ದಳು. "ಮಗು ಸ್ವಲ್ಪ ಸೊರಗಿದ ಹಾಗಿಲ್ವಾ?" ಎನ್ನುತ್ತಿದ್ದಳು. "ಇಲ್ಲ ಅತ್ತಿಗೆ, ದುಂಡಗಿದೆ," ಎನ್ನುತ್ತಿದ್ದಳು ಗಡಿಬಿಡಿ. ಇಬ್ಬರೂ ಮತ್ತೊಮ್ಮೆ ನೋಡುತ್ತಿದ್ದರು.

ಸಂಜೆ ನಿಧಾನಪ್ಪ ಹೆಂಡತಿಯನ್ನು ಕರೆದೊಯ್ಯಲು ಬರುತ್ತಿದ್ದ. ಮೊದಮೊದಲು ಬೀದಿಯಲ್ಲೇ ನಿಂತಿರುತ್ತಿದ್ದ. ಒಂದು ದಿನ ದರ್ಜಿ ಕೈಹಿಡಿದು ಒಳಗೆ ಕರೆತಂದು ಕೂರಿಸಿದ. ಗಡಿಬಿಡಿ ಟೀ ತಂದು ಮುಂದಿಟ್ಟಳು. ಅವನು ಲೋಟ ಹಿಡಿದುಕೊಂಡು, ತಂಗಿಯ ಕಡೆ ನೋಡದೆ, "ಭಾವ, ಇವತ್ತೂ ಸೆಕೆ ಇಳಿದಿಲ್ಲ," ಎಂದ. "ಇಳಿದಿಲ್ಲ," ಎಂದ ದರ್ಜಿ. ಗಡಿಬಿಡಿ ಫ್ಯಾನನ್ನು ಅಣ್ಣನ ಕಡೆಗೆ ತಿರುಗಿಸಿ ಒಳಗೆ ಹೋದಳು.